ತಾಳೆಯಾಗದ ಲೆಕ್ಕ

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಳಬರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅವರ ಹತ್ತಿರ ಹೋಗಿ ‘ಡಿಫರೆನ್ಸ್’ ಎಂದು ಹೇಳಿ ನೋಡಿ. ಅವರ ಮುಖ ಒಂದು ಕ್ಷಣ ಗಂಭೀರವಾಗುತ್ತದೆ. ಕೂಡಿದ ಮೊತ್ತವೂ ಬರಬೇಕಾದ ಮೊತ್ತವೂ ಒಂದೇ ಆಗದಿದ್ದಾಗ ನಡುವೆ ಉಳಿಯುವ ವ್ಯತ್ಯಾಸಕ್ಕೆ ನಾವು ಹಾಗೆ ಹೇಳುತ್ತಿದ್ದೆವು. ಡಿಫರೆನ್ಸ್ ಇದ್ದ ದಿನ ಮನೆಗೆ ಹೋಗುವ ಮಾತೇ ಇರಲಿಲ್ಲ.

ನಾನು ಬಿ.ಕಾಂ. ಮುಗಿಸಿ ಮಲೆನಾಡಿನ ಒಂದು ಶಾಖೆಯಲ್ಲಿ ಗುಮಾಸ್ತನಾಗಿ ಸೇರಿದ್ದು 1974ರಲ್ಲಿ. ಆಗ ಕಂಪ್ಯೂಟರ್ ಇರಲಿಲ್ಲ. ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರದ ಲೆಡ್ಜರುಗಳು, ಮಸಿಯ ಪೆನ್ನು, ಬಾಯಿಲೆಕ್ಕ. ಜೂನ್ ಮತ್ತು ಡಿಸೆಂಬರ್ ಕೊನೆಯಲ್ಲಿ ಪ್ರತಿಯೊಂದು ಉಳಿತಾಯ ಖಾತೆಗೂ ಬಡ್ಡಿ ಹಾಕಿ, ಎಲ್ಲ ಪುಟಗಳನ್ನೂ ಕೂಡಿ, ಮೊತ್ತ ತಾಳೆ ನೋಡಬೇಕು. ಹೀಗೆ ಒಂದು ಜೂನ್ ಕೊನೆಯ ರಾತ್ರಿ, ಹೊರಗೆ ಧೋ ಎಂದು ಮಳೆ, ನಮ್ಮ ಲೆಕ್ಕದಲ್ಲಿ 45 ಪೈಸೆ ಕಡಿಮೆ ಬಂತು.

ಹೊಸದಾಗಿ ಸೇರಿದ್ದ ಹುಡುಗನೊಬ್ಬ ಜೇಬಿನಿಂದ 50 ಪೈಸೆ ನಾಣ್ಯ ತೆಗೆದು ಮೇಜಿನ ಮೇಲಿಟ್ಟ. “ತಗೊಳ್ಳಿ ಸರ್, 5 ಪೈಸೆ ಬ್ಯಾಂಕಿಗೇ ಇರಲಿ. ಮನೆಗೆ ಹೋಗೋಣ” ಎಂದ. ಎಲ್ಲರೂ ನಕ್ಕೆವು. ಮ್ಯಾನೇಜರು ಮಾತ್ರ ನಗಲಿಲ್ಲ. “ತಪ್ಪು 45 ಪೈಸೆಯದೇ ಅಂತ ಯಾರು ಹೇಳಿದ್ರಪ್ಪಾ ನಿನಗೆ? ಒಂದು ಕಡೆ 1,000 ರೂಪಾಯಿ ಕಮ್ಮಿ ಬರೆದು, ಇನ್ನೊಂದು ಕಡೆ 999 ರೂಪಾಯಿ 55 ಪೈಸೆ ಜಾಸ್ತಿ ಬರೆದಿದ್ರೂ ಉಳಿಯೋದು ಇಷ್ಟೇ. ಹುಡುಕು” ಎಂದರು.

ಮಕ್ಕಳೇ, ಹುಡುಕುವುದಕ್ಕೂ ಒಂದು ಉಪಾಯ ಇದೆ, ನಿಮಗೂ ಹೇಳಿಕೊಡುತ್ತೇನೆ. ಬಂದ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಭಾಗವಾದರೆ ಯಾರೋ ಎರಡು ಅಂಕಿಗಳನ್ನು ಹಿಂದುಮುಂದು ಬರೆದಿರುವ ಸಂಭವ ಹೆಚ್ಚು. 72 ಬರೆಯುವಲ್ಲಿ 27 ಬರೆದರೆ ವ್ಯತ್ಯಾಸ 45. 83ಕ್ಕೆ 38 ಬರೆದರೂ 45. ಯಾವ ಎರಡಂಕಿ ಸಂಖ್ಯೆಯನ್ನು ಬೇಕಾದರೂ ತಿರುಗಿಸಿ ಕಳೆಯಿರಿ, ಉತ್ತರ 9ರ ಮಗ್ಗಿಯಲ್ಲೇ ಇರುತ್ತದೆ. ನಾವೂ ಹಾಗೇ ಹುಡುಕಿದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಸಿಕ್ಕಿತು: 3 ರೂಪಾಯಿ 61 ಪೈಸೆ ಬಡ್ಡಿ ಲೆಡ್ಜರಿನಲ್ಲಿ 3 ರೂಪಾಯಿ 16 ಪೈಸೆಯಾಗಿ ಕೂತಿತ್ತು.

ಆದರೆ ಆ ರಾತ್ರಿ ಸಿಕ್ಕಿದ್ದು ಅದೊಂದೇ ಅಲ್ಲ. ಒಂದೊಂದೇ ಚೀಟಿಯನ್ನು ಲೆಡ್ಜರಿನ ಜೊತೆ ಹಿಡಿದು ನೋಡುವಾಗ, ಅಡಿಕೆ ಸುಲಿಯುವ ಕೆಲಸದ ಹೆಂಗಸೊಬ್ಬಳು ಕಟ್ಟಿದ್ದ 600 ರೂಪಾಯಿ ಅದೇ ಹೆಸರಿನ ಬೇರೊಬ್ಬಳ ಖಾತೆಯಲ್ಲಿ ಜಮೆಯಾಗಿದ್ದು ಕಣ್ಣಿಗೆ ಬಿತ್ತು. ಒಟ್ಟು ಮೊತ್ತಕ್ಕೆ ಇದರಿಂದ ಏನೂ ಏರುಪೇರಿಲ್ಲ. ಹಾಗಾಗಿ ಎಷ್ಟು ಸಲ ಕೂಡಿದರೂ ಆ ತಪ್ಪು ತಾನಾಗಿ ಹೊರಗೆ ಬರುತ್ತಿರಲಿಲ್ಲ. ಮಗಳ ಬಾಣಂತನಕ್ಕೆಂದು ಎರಡು ವರ್ಷ ಕೂಡಿಟ್ಟ ಹಣ ಅದು. 45 ಪೈಸೆ ಹುಡುಕಲು ಹೋಗಿ ಅವಳ 600 ರೂಪಾಯಿ ಸಿಕ್ಕಿತು.

ನಿವೃತ್ತನಾದ ಮೇಲೆ ನನಗೆ ವಿಜ್ಞಾನದ ಪುಸ್ತಕಗಳನ್ನು ಓದುವ ಗೀಳು ಹತ್ತಿತು. ಏಳನೇ ಕ್ಲಾಸಿನ ಮೊಮ್ಮಗಳು ತಮಾಷೆ ಮಾಡುತ್ತಾಳೆ: “ಅಜ್ಜಾ, ನೀನು ಓದಿದ್ದು ಕಾಮರ್ಸ್ ಅಲ್ವಾ? ನಿಂಗೆ ಇದೆಲ್ಲ ಹೇಗೆ ಅರ್ಥ ಆಗತ್ತೆ?” ಸೂತ್ರಗಳು ನನಗೆ ಅರ್ಥವಾಗುವುದಿಲ್ಲ ನಿಜ. ಆದರೆ ಸಂಶೋಧಕರು ಕೆಲಸ ಮಾಡುವ ರೀತಿ ಚೆನ್ನಾಗಿ ಅರ್ಥವಾಗುತ್ತದೆ. ಅವರೂ ಡಿಫರೆನ್ಸ್ ಹುಡುಕುವವರೇ. ‘ಹೀಗಾಗಬೇಕಿತ್ತು, ಆದರೆ ಹಾಗಾಯಿತು’ ಎಂಬಲ್ಲಿ ಜೇಬಿನಿಂದ 50 ಪೈಸೆ ಹಾಕಿ ಎದ್ದು ಹೋಗದೆ ಕೂತವರು. ಅಂಥ ನಾಲ್ಕು ಕತೆಗಳನ್ನು ಇಲ್ಲಿ ಹೇಳುತ್ತೇನೆ. ಒಂದು ವೈದ್ಯದ್ದು, ಒಂದು ಲೋಹದ್ದು, ಒಂದು ಕೃಷಿಯದ್ದು, ಒಂದು ಕಾಡುಹಕ್ಕಿಯದ್ದು.

ಮೊದಲನೆಯದು ಅನ್ನದ ಕತೆ. ನೂರಮೂವತ್ತು ವರ್ಷಗಳ ಹಿಂದೆ, ಇಂದಿನ ಇಂಡೊನೇಷ್ಯಾ ಡಚ್ಚರ ಆಳ್ವಿಕೆಯಲ್ಲಿದ್ದಾಗ, ಅಲ್ಲಿ ಬೆರಿಬೆರಿ ಎಂಬ ಕಾಯಿಲೆ ಸೈನಿಕರನ್ನೂ ಕೈದಿಗಳನ್ನೂ ಕಾಡುತ್ತಿತ್ತು. ಕಾಲು ಸೋಲುತ್ತದೆ, ನಡೆಯಲಾಗುವುದಿಲ್ಲ, ಕೊನೆಗೆ ಹೃದಯವೇ ನಿಲ್ಲುತ್ತದೆ. ರೋಗಗಳಿಗೆ ಸೂಕ್ಷ್ಮಜೀವಿಗಳು ಕಾರಣ ಎಂದು ಆಗಷ್ಟೇ ಗೊತ್ತಾಗಿದ್ದ ಕಾಲ. ಇದಕ್ಕೂ ಒಂದು ಜೀವಾಣು ಇರಲೇಬೇಕು ಎಂದು ಡಚ್ ವೈದ್ಯರ ತಂಡವೊಂದು ಬಟಾವಿಯಾ ನಗರಕ್ಕೆ, ಎಂದರೆ ಈಗಿನ ಜಕಾರ್ತಾಕ್ಕೆ ಬಂತು. ಆ ತಂಡದ ಒಬ್ಬ ತರುಣ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅಲ್ಲೇ ಉಳಿದು ಕೋಳಿಗಳ ಮೇಲೆ ಪ್ರಯೋಗ ಮಾಡತೊಡಗಿದ.

ಆತ ಕೆಲವು ಕೋಳಿಗಳಿಗೆ ರೋಗಿಗಳಿಂದ ತೆಗೆದದ್ದನ್ನು ಚುಚ್ಚಿದ, ಕೆಲವನ್ನು ಹಾಗೇ ಬಿಟ್ಟ. ಚುಚ್ಚಿದವಕ್ಕೆ ಕಾಯಿಲೆ ಬರಬೇಕು, ಉಳಿದವು ಚೆನ್ನಾಗಿರಬೇಕು. ಆದರೆ ಎಲ್ಲ ಕೋಳಿಗಳೂ ಕಾಲು ಸೋತು ಬಿದ್ದವು. ಲೆಕ್ಕ ತಾಳೆಯಾಗಲಿಲ್ಲ. ಕೆಲವು ತಿಂಗಳ ನಂತರ ಇನ್ನೊಂದು ವಿಚಿತ್ರ ನಡೆಯಿತು. ಯಾವ ಔಷಧಿಯೂ ಇಲ್ಲದೆ ಕೋಳಿಗಳು ತಾವಾಗಿ ಎದ್ದು ಓಡಾಡತೊಡಗಿದವು!

‘ವಾಸಿಯಾಯಿತಲ್ಲ, ಬಿಡು’ ಎಂದು ಐಕ್‌ಮನ್ ಸುಮ್ಮನಾಗಲಿಲ್ಲ. ನಡುವೆ ಏನು ಬದಲಾಗಿದೆ ಎಂದು ವಿಚಾರಿಸಿದ. ಬದಲಾದದ್ದು ಅಡುಗೆಯವನು. ಕೋಳಿ ನೋಡಿಕೊಳ್ಳುತ್ತಿದ್ದವನು ಸೈನಿಕ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಬಿಳಿ ಅನ್ನವನ್ನು ತಂದು ಹಾಕುತ್ತಿದ್ದನಂತೆ. ಹೊಸದಾಗಿ ಬಂದ ಅಡುಗೆಯವನು, ‘ಸೈನ್ಯದ ಅನ್ನ ಸೈನ್ಯಕ್ಕೆ; ಹೊರಗಿನ ಕೋಳಿಗಳಿಗೆ ಕೊಡುವುದಿಲ್ಲ’ ಎಂದುಬಿಟ್ಟ. ಅಂದಿನಿಂದ ಕೋಳಿಗಳಿಗೆ ಪಾಲಿಶ್ ಮಾಡದ ಒರಟು ಅಕ್ಕಿ. ಅವು ಗುಣವಾದದ್ದೂ ಅಂದಿನಿಂದಲೇ. ಆ ಅಡುಗೆಯವನ ಕಟ್ಟುನಿಟ್ಟನ್ನು ಓದಿದಾಗ ನನಗೆ ನಮ್ಮ ಕ್ಯಾಷಿಯರ್ ಒಬ್ಬರ ನೆನಪಾಗಿ ನಗು ಬಂತು.

ಕೋಳಿಗೆ ಆದದ್ದು ಮನುಷ್ಯರಿಗೂ ಆಗುತ್ತದೆಯೇ? ಐಕ್‌ಮನ್‌ನ ಗೆಳೆಯ, ಜಾವಾದ ವೈದ್ಯಾಧಿಕಾರಿ ವೋರ್ಡರ್‌ಮನ್ ಸುಮಾರು 100 ಜೈಲುಗಳ ಲೆಕ್ಕ ತೆಗೆಸಿದ. ತೌಡು ಉಳಿದ ಅಕ್ಕಿಯ ಊಟವಿದ್ದ ಜೈಲುಗಳಲ್ಲಿ 10,000 ಕೈದಿಗಳಿಗೆ ಒಬ್ಬನಿಗೆ ಬೆರಿಬೆರಿ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಕೊಡುತ್ತಿದ್ದ ಜೈಲುಗಳಲ್ಲಿ 39 ಮಂದಿಗೆ ಒಬ್ಬನಿಗೆ! ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದು ಐಕ್‌ಮನ್ ಮೊದಲು ಭಾವಿಸಿದ್ದ. ಆತನ ನಂತರ ಬಂದ ಗೆರಿಟ್ ಗ್ರೈನ್ಸ್ 1901ರಲ್ಲಿ ಅದನ್ನು ತಿದ್ದಿದ. ಅಕ್ಕಿಯಲ್ಲಿ ವಿಷವಿಲ್ಲ, ದೇಹಕ್ಕೆ ಅಗತ್ಯವಾದ ಏನೋ ಒಂದು ತೌಡಿನ ಜೊತೆ ಹೊರಟುಹೋಗುತ್ತಿದೆ. ಆ ‘ಏನೋ ಒಂದು’ ಈಗ ನಮಗೆಲ್ಲ ಗೊತ್ತಿರುವ ಬಿ1 ವಿಟಮಿನ್. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಹುಮಾನ ಬಂತು.

ನಮ್ಮ ಕರಾವಳಿಯ ಕುಚ್ಚಲಕ್ಕಿಯ ವಿಷಯ ಇಲ್ಲಿ ಹೇಳಬೇಕು. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಆ ವಿಟಮಿನ್ ಸ್ವಲ್ಪ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಕುಚ್ಚಲಕ್ಕಿ ಗಂಜಿ ಕಂಡರೆ ಮೂಗು ಮುರಿಯುವ ಮಕ್ಕಳೇ, ಅಜ್ಜಿಯರ ಕಡೆಗೆ ಈಗ ವಿಜ್ಞಾನವೂ ಸೇರಿಕೊಂಡಿದೆ!

ಎರಡನೆಯ ಕತೆ ನಿಮ್ಮ ಅಡುಗೆಮನೆಯಲ್ಲೇ ಇದೆ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳು. ಹುಳಿ ಹಾಕಿದ ಅಡುಗೆಯನ್ನು ಅದರಲ್ಲಿಟ್ಟರೆ ಕಿಲುಬು ಬರುತ್ತದೆಂದು ಒಳಗೆ ತವರದ ಕಲಾಯಿ ಹಾಕಿಸಬೇಕು. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಮನೆಯ ಮುಂದೆ ತಿದಿ ಒತ್ತುತ್ತಾ ಕೂತರೆ ಊರಿನ ಮಕ್ಕಳೆಲ್ಲ ಅವನ ಸುತ್ತ. ಕಬ್ಬಿಣದ ಚಾಕುವಿನಿಂದ ಮಾವಿನಕಾಯಿ ಹೆಚ್ಚಿದರೆ ಹೋಳುಗಳೆಲ್ಲ ಕಪ್ಪು. ಆಮೇಲೆ ‘ಸ್ಟೀಲ್ ಪಾತ್ರೆ’ ಬಂತು. ಅಮ್ಮ ಮೊದಲ ಸ್ಟೀಲ್ ಡಬ್ಬವನ್ನು ದೇವರ ಗೂಡಿನ ಪಕ್ಕದಲ್ಲಿಟ್ಟಿದ್ದಳು!

ಆ ಸ್ಟೀಲಿನ ಹಿಂದೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹ್ಯಾರಿ ಬ್ರಿಯರ್ಲಿ ಇದ್ದಾನೆ. ಉಕ್ಕು ಕರಗಿಸುವ ಕೂಲಿಯ ಮಗ. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು, ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಹುಡುಗನಾಗಿ ಸೇರಿ, ಸ್ವಂತವಾಗಿ ಓದಿ ಮೇಲೆ ಬಂದವನು. ಬಂದೂಕಿನ ನಳಿಗೆಗಳು ಒಳಗೆ ಬೇಗ ಸವೆದುಹೋಗುತ್ತವೆ, ಅದಕ್ಕೊಂದು ಗಟ್ಟಿ ಉಕ್ಕು ಮಾಡಿಕೊಡು ಎಂಬುದು ಅವನಿಗೆ ಒಪ್ಪಿಸಿದ್ದ ಕೆಲಸ. 1913ರಲ್ಲಿ ಸುಮಾರು 13 ಭಾಗ ಕ್ರೋಮಿಯಂ ಬೆರೆಸಿದ ಉಕ್ಕನ್ನು ಎರಕ ಹೊಯ್ಸಿದ.

ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮೊದಲು ಅದರ ಮೇಲ್ಮೈಯನ್ನು ಆಮ್ಲದಿಂದ ಸ್ವಲ್ಪ ತಿನ್ನಿಸಬೇಕು. ಈ ಉಕ್ಕನ್ನು ಆಮ್ಲ ಮುಟ್ಟಲೇ ಇಲ್ಲ. ಬೇರೆಯವರಾದರೆ ‘ಹಾಳಾದ ತುಂಡು’ ಎಂದು ಎಸೆಯುತ್ತಿದ್ದರೋ ಏನೋ. ಬ್ರಿಯರ್ಲಿಗೆ ಇದು ಡಿಫರೆನ್ಸ್. ನಿಂಬೆರಸ ಹಾಕಿ ನೋಡಿದ, ವಿನೆಗರ್ ಹಾಕಿ ನೋಡಿದ. ಕಲೆ ಬೀಳಲಿಲ್ಲ. ಬಂದೂಕು ಮರೆತು ಅವನು ಊಟದ ಚಾಕುವಿನ ಯೋಚನೆ ಮಾಡಿದ. ಮೊದಮೊದಲು ಚಾಕು ತಯಾರಿಸುವವರು ಇದಕ್ಕೆ ಹರಿತವೇ ಬರುವುದಿಲ್ಲವೆಂದು ಗೊಣಗಿದರು. ‘ಕೊಯ್ಯದ ಚಾಕು ಕಂಡುಹಿಡಿದವನು’ ಎಂದು ಅವನನ್ನು ಹಾಸ್ಯ ಮಾಡಿದರು. ಅವನು ಪಟ್ಟು ಬಿಡಲಿಲ್ಲ. ಸರಿಯಾಗಿ ಹದ ಮಾಡುವುದು ಗೊತ್ತಾದ ಮೇಲೆ ನಗುತ್ತಿದ್ದವರೇ ಕೊಳ್ಳಲು ಬಂದರು.

ಹಾಗಾದರೆ ಸ್ಟೀಲು ತುಕ್ಕು ಹಿಡಿಯುವುದಿಲ್ಲ ಯಾಕೆ? ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯಾಗುತ್ತದೆ. ಪಾತ್ರೆ ಉಜ್ಜುವಾಗ ಗೀರು ಬಿದ್ದರೆ ಅಲ್ಲಿ ಮತ್ತೆ ಹೊಸ ಪೊರೆ ಕಟ್ಟುತ್ತದೆ. ಕಲಾಯಿ ತಾನೇ ಹಾಕಿಕೊಳ್ಳುವ ಪಾತ್ರೆ ಎನ್ನಿ. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಕ್ರೋಮಿಯಂ ಜೊತೆ ನಿಕಲ್ ಕೂಡ ಸೇರಿಸಿದ ಇನ್ನೊಂದು ಬಗೆಯ ಉಕ್ಕು ತಯಾರಾಯಿತು. ಒಳ್ಳೆಯ ಪಾತ್ರೆ, ಲೋಟಗಳನ್ನು ಹೆಚ್ಚಾಗಿ ಮಾಡುವುದು ಅದರಿಂದ. ಈ ಎರಡು ಬಗೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯ ಕತೆ ನಮ್ಮ ಅಡಿಕೆ ತೋಟದ್ದು, ಆದರೆ ಶುರುವಾಗುವುದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. 1870ರ ದಶಕದ ಕೊನೆಗೆ ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಬೂಜಿನಂಥ ಒಂದು ರೋಗ ಅಲ್ಲಿಗೆ ಬಂತು. ಎಲೆ ಉದುರಿ ತೋಟಕ್ಕೆ ತೋಟವೇ ಬೋಳು. 1882ರಲ್ಲಿ ಬೋರ್ಡೋ ನಗರದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲ್ಲಾರ್ಡೆ ತೋಟಗಳ ನಡುವೆ ನಡೆದು ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡ. ಒಳಗಿನ ಬಳ್ಳಿಗಳೆಲ್ಲ ಬೋಳು; ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿದೆ.

ಕೇಳಿದರೆ ಉತ್ತರ ತಮಾಷೆಯಾಗಿತ್ತು. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಎರಚುತ್ತಿದ್ದರಂತೆ. ನೀಲಿ ನೀಲಿಯಾಗಿ ವಿಷದಂತೆ ಕಾಣುವ ಹಣ್ಣಿಗೆ ಯಾರು ಕೈ ಹಾಕುತ್ತಾರೆ? ಕಳ್ಳರಿಗೆಂದು ಹಾಕಿದ್ದು ರೋಗವನ್ನೂ ತಡೆದಿತ್ತು. ಮಿಲ್ಲಾರ್ಡೆ ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅಳತೆಯ ಸಮೇತ ಅದನ್ನು ಪ್ರಕಟಿಸಿದ. ಮಲೆನಾಡಿನ ಮಕ್ಕಳೇ, ಮಳೆಗಾಲದಲ್ಲಿ ನಿಮ್ಮ ಮನೆಯ ಅಂಗಳದಲ್ಲಿ ಡ್ರಮ್ಮಿಗೆ ಕಲಸುವ ನೀಲಿ ‘ಬೋರ್ಡೋ’ ಇದೇ. ಅದು ಕಂಪನಿಯ ಹೆಸರಲ್ಲ, ಊರಿನ ಹೆಸರು.

ಇದು ಅಡಿಕೆಗೆ ಬಂದದ್ದು ಹೇಗೆ? 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನಲ್ಲಿ ಆಗ ಕೊಳೆರೋಗದ ಹಾವಳಿ. ಮಳೆ ಹಿಡಿಯಿತೆಂದರೆ ಎಳೆ ಅಡಿಕೆ ಕೊಳೆತು ಬುಡದಲ್ಲಿ ಸುರಿದುಬೀಳುತ್ತಿತ್ತು. ಕೊನೆಗಾರರು ಮರ ಹತ್ತಿ ಒಂದೊಂದು ಕೊನೆಗೂ ‘ಕೊಟ್ಟೆ’ ಕಟ್ಟುತ್ತಿದ್ದರು, ಮಳೆಗೆ ಮಕ್ಕಳ ತಲೆಗೆ ಕೊಪ್ಪೆ ಹಾಕಿದ ಹಾಗೆ. ಕೋಲ್ಮನ್ ಕೊಳೆತ ಕಾಯಿಗಳನ್ನು ಪರೀಕ್ಷಿಸಿ, ಶಿಲೀಂಧ್ರದಂಥ ಒಂದು ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ತೋರಿಸಿದರು. ಅದು ಫ್ರಾನ್ಸಿನ ದ್ರಾಕ್ಷಿ ರೋಗದ ಜೀವಿಗೆ ಹತ್ತಿರದ ಬಳಗ. ಬಳಗ ಒಂದೇ ಆದಮೇಲೆ ಮದ್ದೂ ಒಂದೇ ಆಗಬಹುದಲ್ಲ? ಬೋರ್ಡೋ ಸಿಂಪಡಿಸಿ ನೋಡಿದರು, ಕೆಲಸ ಮಾಡಿತು. 1910ರಲ್ಲಿ ಅವರ ವರದಿ ಪ್ರಕಟವಾಯಿತು. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದರು.

ಈ ಮದ್ದಿನ ಗುಟ್ಟು ಇಷ್ಟೇ: ಅದು ಬಂದ ರೋಗವನ್ನು ವಾಸಿ ಮಾಡುವುದಿಲ್ಲ, ಬರುವುದನ್ನು ತಡೆಯುತ್ತದೆ. ಕಾಯಿಯ ಮೇಲೆ ಕೂತ ತಾಮ್ರದ ಲೇಪ ರೋಗಾಣು ಮೊಳೆಯಲು ಬಿಡುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನೇ ಸಿಂಪಡಣೆಗೆ ಮಳೆ ಬಿಡುವು ಕೊಡದಿದ್ದರೆ ರೈತನ ಎದೆ ಢವಢವ. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮ ಶಾಖೆಯ ಬೆಳೆಸಾಲದ ಲೆಡ್ಜರ್ ನೋಡಿದರೆ ಯಾವ ವರ್ಷ ಮಳೆ ಎಡೆಬಿಡದೆ ಸುರಿದಿತ್ತೆಂದು ಹೇಳಬಹುದಿತ್ತು. ಆ ವರ್ಷ ಕಂತು ಕಟ್ಟುವ ಕಾಲಂ ಖಾಲಿ. ಗಡುವು ಕೇಳಲು ಬಂದವರು ಕೌಂಟರಿನ ಆಚೆ ಕೊಡೆ ಮಡಚಿ ನಿಂತು, “ಈ ಸಲ ಕೊಳೆ ಬಂತು ಸ್ವಾಮಿ” ಎನ್ನುವಾಗ ಅವರ ದನಿ ಹೇಗಿರುತ್ತಿತ್ತೆಂದು ನಾನು ಬಲ್ಲೆ. ರಸ್ತೆ ಬದಿಯ ಹಸಿರು ಎಲೆ ಕಂಡು ಯಾರೋ ಒಬ್ಬ ನಿಂತು ಕೇಳಿದ್ದರಿಂದ ಅಂಥ ಎಷ್ಟೋ ಕಂತುಗಳು ಕಟ್ಟಿವೆ, ಎಷ್ಟೋ ಮನೆಗಳ ಮದುವೆಗಳು ನಡೆದಿವೆ.

ಇಲ್ಲಿಯವರೆಗಿನ ಕತೆಗಳಲ್ಲಿ ಡಿಫರೆನ್ಸ್ ಹುಡುಕಿದವರಿಗೆ ಲಾಭವೇ ಸಿಕ್ಕಿದೆ. ನಾಲ್ಕನೆಯ ಕತೆ ಹಾಗಲ್ಲ. ಅದರಲ್ಲಿ ಕಾರಣ ಸಿಗುವ ಹೊತ್ತಿಗೆ ಖಾತೆ ಬರಿದಾಗಿತ್ತು.

ಬಯಲುಸೀಮೆಯ ಶಾಖೆಗೆ ವರ್ಗವಾಗಿದ್ದ ಕಾಲದಲ್ಲಿ ಊರಾಚೆ ಸತ್ತ ದನವನ್ನು ಹಾಕಿದರೆ ಆಕಾಶದಲ್ಲಿ ಚುಕ್ಕೆಗಳ ಹಾಗೆ ರಣಹದ್ದುಗಳು ಸುತ್ತುವುದನ್ನು ನೋಡಿದ್ದೇನೆ. ಸ್ವಲ್ಪ ಹೊತ್ತಿನಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು. ಮಕ್ಕಳಿಗೆ ಅವುಗಳನ್ನು ಕಂಡರೆ ಹೆದರಿಕೆ, ದೊಡ್ಡವರಿಗೆ ಅಪಶಕುನ. ಜಟಾಯುವಿನ ಕತೆ ಕೇಳಿ ಕಣ್ಣೀರು ಹಾಕುವ ನಾವೇ ಅದರ ಬಳಗವನ್ನು ಕಂಡರೆ ಮುಖ ತಿರುಗಿಸುತ್ತಿದ್ದೆವು. ಹಾಗಾಗಿ ಅವು ಕಡಿಮೆಯಾದಾಗ ಹೆಚ್ಚಿನವರು ಗಮನಿಸಲೇ ಇಲ್ಲ.

ಗಮನಿಸಿದವರು ಎಣಿಸುತ್ತಿದ್ದವರು. ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ರಣಹದ್ದಿನ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. ಸುಮಾರು ಹತ್ತು ವರ್ಷದ ನಂತರ ಮತ್ತೆ ಎಣಿಸಿದಾಗ ಸಂಖ್ಯೆ ಅರ್ಧಕ್ಕೂ ಕೆಳಗಿಳಿದಿತ್ತು. ಮರದ ಮೇಲೆ ಹಕ್ಕಿಗಳು ಕತ್ತು ಜೋತುಹಾಕಿ ಕೂತಿದ್ದವು, ಕೆಳಗೆ ಸತ್ತು ಬಿದ್ದಿದ್ದವು. ಹಳೆಯ ಎಣಿಕೆ ಬರೆದಿಡದೇ ಇದ್ದಿದ್ದರೆ ಎಷ್ಟು ಕಡಿಮೆಯಾಗಿವೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. 1992ರಿಂದ 2007ರ ನಡುವೆ ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದುಗಳು 1,000ಕ್ಕೆ ಒಂದರಂತೆ ಉಳಿದವು.

ಕಾರಣವೇನು? ವೈರಸ್ ಹುಡುಕಿದರು, ಕೀಟನಾಶಕ ಹುಡುಕಿದರು, ಸೀಸದಂಥ ಲೋಹಗಳನ್ನು ಹುಡುಕಿದರು. ಯಾವುದೂ ತಾಳೆಯಾಗಲಿಲ್ಲ. ಪಾಕಿಸ್ತಾನದಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆ ಸೀಮೆಸುಣ್ಣ ಬಳಿದಂತೆ ಬಿಳಿ ಪುಡಿ ಇತ್ತು. ಮೂತ್ರಪಿಂಡ ಕೆಟ್ಟಾಗ ಹೊರಹೋಗಬೇಕಾದ ಯೂರಿಕ್ ಆಮ್ಲ ಹೀಗೆ ಒಳಗೇ ಕೂರುತ್ತದೆ. ಆಗ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಹದ್ದು ತಿನ್ನುವುದು ಸತ್ತ ದನವನ್ನು. ಹಾಗಾದರೆ ಆ ದನಕ್ಕೆ ಸಾಯುವ ಮುಂಚೆ ಏನು ಕೊಟ್ಟಿದ್ದರು? ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ಕೇಳುತ್ತಾ ಹೋದಾಗ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯ ಹೆಸರು ಬಂತು. ದನದ ನೋವು, ಊತ ಕಡಿಮೆ ಮಾಡುವ ಅಗ್ಗದ ಒಳ್ಳೆಯ ಔಷಧಿ. ಮನುಷ್ಯರೂ ಮಂಡಿನೋವಿಗೆ ತೆಗೆದುಕೊಳ್ಳುತ್ತಾರೆ. ಪರೀಕ್ಷಿಸಿದರೆ, ಬಿಳಿ ಪುಡಿ ಇದ್ದ 25 ಹಕ್ಕಿಗಳಲ್ಲಿ 25ರಲ್ಲೂ ಆ ಔಷಧಿ ಇತ್ತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ಇದು ಪ್ರಕಟವಾಯಿತು. ಲೆಕ್ಕ ಪೈಸೆಗೆ ಪೈಸೆ ತಾಳೆಯಾಯಿತು, ಆದರೆ ನೋಡಿ ಸಂತೋಷ ಪಡುವಂಥ ತಾಳೆ ಅಲ್ಲ ಅದು.

ಔಷಧಿ ಕೊಟ್ಟ ದನಗಳೆಲ್ಲ ಸಾಯುವುದಿಲ್ಲ, ಸತ್ತ ದನಗಳಲ್ಲಿ ಔಷಧಿ ಇದ್ದದ್ದು ಎಲ್ಲೋ ಕೆಲವು. ಅಷ್ಟರಿಂದ ಇಷ್ಟು ಹಕ್ಕಿ ಸಾಯುತ್ತವೆಯೇ ಎಂದು ಹಲವರು ಕೇಳಿದರು. ಇದಕ್ಕೆ ಬ್ಯಾಂಕಿನವನ ಲೆಕ್ಕ ಸಾಕು. 200 ಹೆಣಕ್ಕೆ ಒಂದರಲ್ಲಿ ಮಾತ್ರ ವಿಷವಿದೆ, ಹದ್ದು ಮೂರು ದಿನಕ್ಕೊಮ್ಮೆ ಉಣ್ಣುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 120 ಊಟ. ಪ್ರತಿ ಊಟದಲ್ಲಿ ಬದುಕುಳಿಯುವ ಪಾಲು 0.995. ಅದನ್ನು ಅದರಿಂದಲೇ ಗುಣಿಸುತ್ತಾ 120 ಸಲ ಬರುವಂತೆ ಮಾಡಿ. 100 ಹಕ್ಕಿಗಳಲ್ಲಿ ವರ್ಷದ ಕೊನೆಗೆ ಉಳಿಯುವುದು ಸುಮಾರು 55. ಚಕ್ರಬಡ್ಡಿ ಉಲ್ಟಾ ತಿರುಗಿದರೆ ಹೀಗೆ. ಹದ್ದು ಇಡುವುದೋ ವರ್ಷಕ್ಕೆ ಒಂದೇ ಮೊಟ್ಟೆ. ಜಮೆಗಿಂತ ಖರ್ಚು ಇಷ್ಟು ಜಾಸ್ತಿಯಾದರೆ ಖಾತೆ ಎಷ್ಟು ದಿನ ಉಳಿದೀತು?

ಹದ್ದು ಹೋದರೆ ನಮಗೇನು ಎನ್ನುವವರಿಗೂ ಉತ್ತರ ಸಿಕ್ಕಿದೆ. ಹೆಣಗಳು ಕೊಳೆತು ನೀರು ಸೇರಿದವು, ಬೀದಿನಾಯಿಗಳು ಹೆಚ್ಚಿದವು. ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2000ರಿಂದ 2005ರ ಅವಧಿಯಲ್ಲಿ ನಮ್ಮ ದೇಶದಲ್ಲಿ ಇದರಿಂದ ಹೆಚ್ಚುವರಿಯಾಗಿ ಸತ್ತ ಜನ ಸುಮಾರು 5 ಲಕ್ಷ.

ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ದನದ ನೋವಿಗೆ ಬೇರೆ ಔಷಧಿ ಬೇಕಲ್ಲ? ಮೆಲಾಕ್ಸಿಕ್ಯಾಮ್ ಎಂಬ ಔಷಧಿ ಹದ್ದುಗಳಿಗೆ ಅಪಾಯ ಮಾಡುವುದಿಲ್ಲವೆಂದು ಪರೀಕ್ಷಿಸಿ ಕಂಡುಕೊಂಡರು. 2006ರಲ್ಲಿ ಭಾರತ ಸರ್ಕಾರ ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ‘ಶೋಲೆ’ ಚಿತ್ರ ತೆಗೆದ ಆ ಬಂಡೆಗಳ ಸಂದಿಯಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಕಳೆದ ಸಲ ಆ ದಾರಿಯಲ್ಲಿ ಹೋಗುವಾಗ ನಾನು ಬಸ್ಸಿನ ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ, ಕಂಡಕ್ಟರ್ ಬೈದರು. ಹದ್ದು ಕಾಣಲಿಲ್ಲ.

ಈ ನಾಲ್ಕೂ ಕತೆಗಳನ್ನು ಮೊಮ್ಮಗಳಿಗೆ ಹೇಳಿದ ಮೇಲೆ ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದುಕೊಟ್ಟೆ. ಬ್ಯಾಂಕಿನವನಿಗೆ ಗೊತ್ತಿರುವುದು ಅದೇ ತಾನೆ, ಎಡಕ್ಕೊಂದು ಬಲಕ್ಕೊಂದು ಕಾಲಂ! ಎಡಗಡೆ ‘ಹೀಗಾಗಬೇಕಿತ್ತು’, ಬಲಗಡೆ ‘ಹೀಗಾಯಿತು’. ಎರಡೂ ಒಂದೇ ಆದರೆ ಒಂದು ಟಿಕ್. ಆಗದಿದ್ದರೆ ತಾರೀಖು ಹಾಕಿ ಹಾಗೇ ಬಿಡಬೇಕು, ರಬ್ಬರ್ ಮುಟ್ಟಬಾರದು. ನೀವೂ ಇಂಥದೊಂದು ಪುಸ್ತಕ ಇಡಿ. ಅಜ್ಜ ಅಜ್ಜಿಯರಿಗೂ ಒಂದು ಮಾತು: ಮಗು ಬಂದು “ಇದ್ಯಾಕೆ ಹೀಗೆ?” ಎಂದಾಗ ಉತ್ತರ ಗೊತ್ತಿಲ್ಲದಿದ್ದರೆ “ಸುಮ್ನಿರು” ಎನ್ನಬೇಡಿ. “ಬರೆದಿಡು” ಎನ್ನಿ.

ಹೋದ ಭಾನುವಾರ ಅವಳು ಅಯಸ್ಕಾಂತ ಹಿಡಿದು ಅಡುಗೆಮನೆಗೆ ನುಗ್ಗಿದಳು. ಬ್ರಿಯರ್ಲಿ ಬಗೆಯ ಉಕ್ಕಿಗೆ ಅಯಸ್ಕಾಂತ ಅಂಟುತ್ತದೆ, ನಿಕಲ್ ಬೆರೆತ ಜರ್ಮನಿ ಬಗೆಯದಕ್ಕೆ ಅಂಟುವುದಿಲ್ಲ ಎಂದು ನಾನು ಹೇಳಿದ್ದೆ. ಚಾಕುವಿಗೆ ಟಪ್ಪೆಂದು ಅಂಟಿತು, ಟಿಕ್ ಬಿತ್ತು. ನೀರು ಕುಡಿಯುವ ದೊಡ್ಡ ಲೋಟದ ತಳಕ್ಕೆ ಅಂಟಲಿಲ್ಲ, ಅದಕ್ಕೂ ಟಿಕ್ ಹಾಕಿದಳು. ಆಮೇಲೆ ಅಯಸ್ಕಾಂತವನ್ನು ಲೋಟದ ಬಾಯಿಯ ಮಡಿಕೆಯ ಹತ್ತಿರ ತಂದಳು. ಅಲ್ಲಿ ಮಾತ್ರ ಅದು ಮೆಲ್ಲಗೆ ಎಳೆಯಿತು. ಅದೇ ಲೋಟ, ಅದೇ ಲೋಹ.

“ಅಜ್ಜಾ, ತಾಳೆ ಆಗ್ತಿಲ್ಲ” ಎಂದು ಕೂಗಿದಳು. ಆ ಸಾಲಿಗೆ ತಾರೀಖು ಹಾಕಿ ಇಟ್ಟಿದ್ದಾಳೆ. ಲೋಟ ಮಾಡುವಾಗ ತಗಡನ್ನು ಎಲ್ಲೆಲ್ಲಿ ಒತ್ತಿ ಬಗ್ಗಿಸುತ್ತಾರೆ ಎಂದು ಯೋಚಿಸು ಎಂದಷ್ಟೇ ಹೇಳಿದ್ದೇನೆ. ಅವಳೀಗ ಮನೆಯ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದಾಳೆ. ಅವಳಜ್ಜಿ ಕಾಫಿ ಲೋಟಕ್ಕಾಗಿ ಕಾಯುತ್ತಿದ್ದಾಳೆ.